ಅಂಕ ಹಾಕಿಸಬೇಡಿ, ಟೆಸ್ಟ್ ಕೇಸ್ ಬರೆಸಿ: ಎಸ್‌ಆರ್‌ಎಸ್ ಪೀರ್ ರಿವ್ಯೂ, ನನ್ನ ಅನುಭವ

ಎಸ್‌ಆರ್‌ಎಸ್‌ಗಳನ್ನು (ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬ ರಿಕ್ವೈರ್‌ಮೆಂಟ್‌ಗಳ ದಾಖಲೆ) ವಿದ್ಯಾರ್ಥಿಗಳಿಂದಲೇ ತಿದ್ದಿಸುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. 'ಎಲ್ಲರೂ ಎಲ್ಲರಿಗೂ ಹತ್ತಕ್ಕೆ ಒಂಬತ್ತು ಹಾಕ್ತಾರೆ ಬಿಡಿ.' ಅಂಕ ಹಾಕಿಸಿದಷ್ಟು ಕಾಲ ಅವರು ಹೇಳಿದಂತೆಯೇ ಆಯಿತು. ರೂಬ್ರಿಕ್ (ಅಂಕ ಹಾಕುವ ಮಾನದಂಡಗಳ ಪಟ್ಟಿ) ಕೊಟ್ಟರೆ ಸ್ಪೆಲಿಂಗ್, ಫಾಂಟ್, ಎಸ್‌ಆರ್‌ಎಸ್‌ನ ಹಳೆಯ ಸ್ಟ್ಯಾಂಡರ್ಡ್ ಐಇಇಇ 830ರ ಯಾವುದೋ ಹೆಡಿಂಗ್ ಬಿಟ್ಟಿದೆ ಎನ್ನುವುದಷ್ಟೇ ಬರುತ್ತಿತ್ತು. ಆನ್‌ಲೈನ್ ಕಲಿಕಾ ತಾಣ ಮೂಡಲ್‌ನಲ್ಲಿ ಪೀರ್ ರಿವ್ಯೂಗೆಂದೇ ಇರುವ ವರ್ಕ್‌ಶಾಪ್ ಇನ್ನೂ ಕಷ್ಟ: ಸರಾಸರಿಗೆ ಹತ್ತಿರದ ರಿವ್ಯೂವನ್ನೇ ಅತ್ಯುತ್ತಮ ಎಂದು ಹಿಡಿದು ಉಳಿದವನ್ನು ಅದಕ್ಕೆ ಹೋಲಿಸುತ್ತದೆ. ಮೂವರಲ್ಲಿ ಒಬ್ಬಳೇ ನಿಜವಾದ ದೋಷ ಹಿಡಿದು ಕಡಿಮೆ ಅಂಕ ಹಾಕಿದರೆ ಏಟು ಅವಳಿಗೇ.

ಫಲ ಕೊಟ್ಟದ್ದು ಟೆಸ್ಟ್ ಕೇಸ್. ಒಂದು ಎಸ್‌ಆರ್‌ಎಸ್‌ಗೆ ಬೇರೆ ಬೇರೆ ತಂಡದ ಮೂವರು, ಪರಸ್ಪರ ಮಾತಿಲ್ಲ. ಪ್ರತಿ ಟೆಸ್ಟ್ ಕೇಸ್‌ನಲ್ಲಿ ರಿಕ್ವೈರ್‌ಮೆಂಟ್ ನಂಬರ್, ಇನ್‌ಪುಟ್, ಬರಬೇಕಾದ ಔಟ್‌ಪುಟ್. ಬರೆಯಲಾಗದಿದ್ದರೆ ಯಾಕೆಂದು ಒಂದೇ ಸಾಲು. 20 ರಿಕ್ವೈರ್‌ಮೆಂಟ್ ಮೀರಿದರೆ ಕೊನೆಯ ಪುಟಗಳನ್ನು ಯಾರೂ ಓದುವುದಿಲ್ಲ.

ಹಾಸ್ಟೆಲ್ ಮೆಸ್ ಆ್ಯಪ್‌ನ ಒಂದು ಸಾಲು ನೋಡಿ: 'ಹಿಂದಿನ ರಾತ್ರಿ 9ರೊಳಗೆ ಊಟ ರದ್ದು ಮಾಡಿದರೆ ಹಣ ವಾಪಸ್.' ಸರಿಯಾಗಿ 9:00ಕ್ಕೆ ಒತ್ತಿದರೆ? ಒಬ್ಬ ವಾಪಸ್ ಎಂದು ಬರೆದ, ಇನ್ನೊಬ್ಬ ಇಲ್ಲ ಎಂದು. ಮೂರನೆಯವಳು 8:55ಕ್ಕೆ ರದ್ದು ಮಾಡಿ 9:05ಕ್ಕೆ ಮತ್ತೆ ಬುಕ್ ಮಾಡುವ ಇನ್‌ಪುಟ್ ಬರೆದು, ಔಟ್‌ಪುಟ್ ಕಾಲಂ ಖಾಲಿ ಬಿಟ್ಟಳು. ಮೂರೂ ಹಾಳೆ ಪಕ್ಕಪಕ್ಕ ಇಟ್ಟರೆ ಬರೆದ ತಂಡ ವಾದಿಸುವುದಾದರೂ ಏನನ್ನು?

ಅಂಕ ರಿವ್ಯೂ ಮಾಡಿದವರಿಗೆ ಮಾತ್ರ, ಇಂಟರ್ನಲ್‌ನಲ್ಲಿ 10. ಬರೆದ ತಂಡದ ಅಂಕಕ್ಕೆ ಅದರಿಂದ ಕತ್ತರಿಯಿಲ್ಲ. ಹಾಗಾಗಿ ಸ್ನೇಹ, ಸೇಡು ಎರಡೂ ನಿಂತವು. ಆದರೆ ಪ್ರತಿ ದೋಷಕ್ಕೂ ಬರೆದ ತಂಡದ ಉತ್ತರ ಬೇಕು: ಒಪ್ಪಿದರೆ ತಿದ್ದಿದ ವಾಕ್ಯ, ಒಪ್ಪದಿದ್ದರೆ ಉತ್ತರ ಇರುವ ಸಾಲಿನ ನಂಬರ್. 'ಸ್ವೀಕರಿಸಲಾಗಿದೆ' ಎಂದಷ್ಟೇ ಬರೆದು ಜಾರಿಕೊಳ್ಳುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಖರ್ಚು? 15 ತಂಡ, ಹತ್ತತ್ತು ಪುಟ, ಮೂರು ಪ್ರತಿ ಎಂದರೆ ಒಂದು ಸುತ್ತಿನ ರಿವ್ಯೂಗೆ ಜೆರಾಕ್ಸ್ ಖರ್ಚು ನಾನೂರೈವತ್ತು ರೂಪಾಯಿ ಆಸುಪಾಸು, ಅದೂ ಸ್ವಂತ ಜೇಬಿನಿಂದ. ಗೂಗಲ್ ಶೀಟ್ ಬಂದ ಮೇಲೆ ಸೊನ್ನೆ. ಆದರೆ ಮೂವರಿಗೂ ಒಂದೇ ಶೀಟ್ ಹಂಚಬೇಡಿ, ಮೊದಲು ಬರೆದವನದ್ದೇ ಮೂರು ಕಡೆ ಬರುತ್ತದೆ.

ಕೆಲವು ಎಸ್‌ಆರ್‌ಎಸ್‌ಗಳಲ್ಲಿ ನಾನೇ ದೋಷ ಹುದುಗಿಸಿರುತ್ತೇನೆ. ಎಂಥವು, ಎಲ್ಲಿ ಎಂದು ಇಲ್ಲಿ ಹೇಳಲಾರೆ, ನಮ್ಮ ಹುಡುಗರೂ ಓದುತ್ತಾರೆ.

ನಿಯಮಗಳನ್ನು ಮಾಡೆಲ್ ಆಗಿ ಬರೆದರೆ ಅವು ಮುರಿಯುವ ಸಂದರ್ಭಗಳನ್ನು ತಾನೇ ಹುಡುಕುವ ಅಲಾಯ್ ಎಂಬ ಟೂಲ್‌ನಲ್ಲೂ ಇದೇ ಮೆಸ್ ನಿಯಮ ಬರೆಸಿ ನೋಡಿದೆ. ಸ್ಕೋಪ್ 3 (ಪ್ರತಿ ಬಗೆಯದ್ದು ಹೆಚ್ಚೆಂದರೆ ಮೂರು) ಸಾಕು, ಒಂದೇ ಊಟವನ್ನು ಎರಡು ಸಲ ರದ್ದು ಮಾಡಿ ಎರಡು ಸಲ ಹಣ ಪಡೆಯುವ ದಾರಿ ಕೂಡಲೇ ತೋರಿಸಿತು. ಆದರೆ ಅದರ ಸಿಂಟ್ಯಾಕ್ಸ್ ಕಲಿಸುವಷ್ಟರಲ್ಲಿ ಎರಡು ಲ್ಯಾಬ್ ಹೋದವು. ಆಸಕ್ತಿ ಇರುವ ತಂಡಗಳಿಗೆ ಮಾತ್ರ ಉಳಿಸಿಕೊಂಡಿದ್ದೇನೆ.