ಮಳೆಗಾಲದ ಬಾಟಿಕ್: ಮೇಣ ಬಟ್ಟೆಯೊಳಗೆ ಇಳಿಯಬೇಕು
ಶಿರಸಿಯ ಮಳೆಯಲ್ಲಿ ಬಾಟಿಕ್ (ಮೇಣ ಹಚ್ಚಿದ ಕಡೆ ಬಣ್ಣ ಹಿಡಿಯದಂತೆ ಮಾಡಿ ಬಟ್ಟೆಗೆ ಬಣ್ಣ ಹಾಕುವ ಕಲೆ) ಮಾಡುವವರು ಮೊದಲು ಬಟ್ಟೆಯನ್ನು ಮುಟ್ಟಿ ನೋಡಿ. ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ, ಮೇಣ ಮೇಲೆಯೇ ನಿಲ್ಲುತ್ತದೆ. ಗಂಜಿ ಹೋಗುವಂತೆ ತೊಳೆದ ಹತ್ತಿ ಬಟ್ಟೆಗೆ, ಚಿತ್ರ ಬರೆಯುವ ಮುನ್ನ ತಪ್ಪದೆ ಇಸ್ತ್ರಿ ಹಾಕಿ.

ಮುಖ್ಯವಾದದ್ದು ಮೇಣದ ಮಿಶ್ರಣ. ಪ್ಯಾರಾಫಿನ್, ಅಂದರೆ ಮೇಣದಬತ್ತಿಯ ಮೇಣ, ಬೇಗ ಬಿರುಕು ಬಿಡುತ್ತದೆ. ಬಾಟಿಕ್‌ನ ಜೇಡರಬಲೆಯಂಥ ಗೆರೆಗಳು ಆ ಬಿರುಕುಗಳಿಂದಲೇ ಬರುತ್ತವೆ. ಜೇನುಮೇಣ ಬಾಗುತ್ತದೆ, ಗೆರೆಯನ್ನು ಚೊಕ್ಕವಾಗಿ ಕಾಯುತ್ತದೆ. ನಮ್ಮ ಕಡೆ ಜೇನು ಸಾಕುವವರಿದ್ದಾರೆ, ಅವರಲ್ಲಿ ಕೇಳಿ ನೋಡಿ. ನಾನು ಎರಡನ್ನೂ ಸಮಪಾಲು ಬೆರೆಸುತ್ತೇನೆ. ಯಕ್ಷಗಾನದ ಕಿರೀಟದಂಥ ಸೂಕ್ಷ್ಮ ಚಿತ್ರಕ್ಕೆ ಮಾತ್ರ ಜೇನುಮೇಣ ಹೆಚ್ಚು.

ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದರೆ ಕರಗಿದ ಕೂಡಲೇ ಕುಂಚ ಅದ್ದಬೇಡಿ. ಗೆರೆ ಬೆಳ್ಳಗೆ ಕಂಡರೆ ಬಿಸಿ ಸಾಲದು. ಎಣ್ಣೆ ತಾಗಿದಂತೆ ಬಟ್ಟೆ ಪಾರದರ್ಶಕವಾಗಬೇಕು. ಹಿಂಬದಿಯನ್ನೂ ನೋಡಿ, ಬಿಟ್ಟುಹೋದಲ್ಲಿ ಮತ್ತೆ ಹಚ್ಚಿ. ಬಣ್ಣ ತಣ್ಣೀರಿನಲ್ಲಿ ಹಾಕುವಂಥದ್ದೇ ಇರಲಿ, ಬಿಸಿಯಾದರೆ ಮೇಣ ಕರಗುತ್ತದೆ.

ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟೇ ಕರಗಿಸಿ. ಬೆಂಕಿ ಹತ್ತಿದರೆ ನೀರು ಸುರಿಯಲೇಬೇಡಿ. ಒಲೆ ಆರಿಸಿ, ಮುಚ್ಚಳ ಮುಚ್ಚಿ. ಕೊನೆಗೆ ಮೇಣ ತೆಗೆಯಲು ಬಟ್ಟೆ ಕುದಿಸಿದ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ತಣಿದ ಮೇಲೆ ಮೇಣ ತೇಲಿ ಹೆಪ್ಪುಗಟ್ಟುತ್ತದೆ, ಎತ್ತಿ ಒಣಗಿಸಿಡಿ.