ಆರ್‌ನಲ್ಲಿ ರಾಡಾರ್ ಚಾರ್ಟ್: ಎರಡು ಗೆರೆ ಕಾಣೆಯಾಗಿದ್ದು ಯಾಕೆ

ಚಿಕ್ಕಮಗಳೂರಿನ ನಮ್ಮ ತೋಟದ ಐದು ಲಾಟ್ ಕಾಫಿಯ ಕಪ್ಪಿಂಗ್ (ರುಚಿ ಪರೀಕ್ಷೆ) ಅಂಕಗಳನ್ನು, ಜೇಡರ ಬಲೆಯಂತಿರುವ ರಾಡಾರ್ ಚಾರ್ಟ್ ಬಿಡಿಸಲು, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಫ್‌ಎಂಎಸ್‌ಬಿ (fmsb) ಪ್ಯಾಕೇಜಿನ radarchart ಫಂಕ್ಷನ್‌ಗೆ ಕೊಟ್ಟೆ. ಲಾಟಿಗೊಂದರಂತೆ ಐದು ಗೆರೆ ಬರಬೇಕಿತ್ತು, ಬಂದದ್ದು ಮೂರೇ. ಅವೂ ಬಲೆಯಿಂದ ಆಚೆ ಚಾಚಿಕೊಂಡಿದ್ದವು.

ಪ್ಯಾಕೇಜ್ ಮತ್ತೆ ಹಾಕಿದ್ದು ಸುಮ್ನೆ ದಂಡ. ಮ್ಯಾಕ್ಸ್‌ಮಿನ್ (maxmin) ಆಯ್ಕೆಯನ್ನು ಫಾಲ್ಸ್ ಮಾಡಿದಾಗ, ಅಂದರೆ ಗರಿಷ್ಠ-ಕನಿಷ್ಠವನ್ನು ಡೇಟಾದಿಂದಲೇ ತೆಗೆದುಕೊಳ್ಳಲು ಬಿಟ್ಟಾಗ, ಐದೂ ಬಂದವು. ಆದರೆ ಹುಳಿಯಲ್ಲಿ 7.25 ಪಡೆದ ಲಾಟ್ ಒಳಸುತ್ತಿಗೆ, 7.75 ಪಡೆದದ್ದು ಹೊರ ಅಂಚಿಗೆ ಹೋಯಿತು. ಅರ್ಧ ಅಂಕ ಇಷ್ಟು ದೊಡ್ಡದಾಗಿ ಕಂಡರೆ ನೋಡುವವರಿಗೆ ಮೋಸ ಅಲ್ವಾ?

ಮ್ಯಾಕ್ಸ್‌ಮಿನ್ ಟ್ರೂ ಇದ್ದಾಗ ಈ ಫಂಕ್ಷನ್ ಡೇಟಾದ ಮೊದಲ ಸಾಲನ್ನು ಗರಿಷ್ಠ, ಎರಡನೆಯದನ್ನು ಕನಿಷ್ಠ ಎಂದು ಓದುತ್ತದೆ. ನನ್ನ ಎರಡು ಲಾಟ್ ಹೋಗಿದ್ದು ಅಲ್ಲಿಗೇ. ಮೊದಲು ಹೆಸರಿನ ಕಾಲಂ ತೆಗೆಯಿರಿ, ಅಂಕಿ ಮಾತ್ರ ಇರಲಿ. ಸಾಲುಗಳನ್ನು ಜೋಡಿಸುವ ಆರ್‌ಬೈಂಡ್‌ನಲ್ಲಿ (rbind) ಮೇಲೆ ಪೂರ್ತಿ 10ರ ಸಾಲು, ಆಮೇಲೆ ಪೂರ್ತಿ 0 ಸಾಲು, ಕೊನೆಗೆ ಡೇಟಾ. ಮ್ಯಾಕ್ಸ್‌ಮಿನ್ ಟ್ರೂ, ಸೆಂಟರ್‌ಝೀರೋ (centerzero) ಟ್ರೂ ಅಂದರೆ ಅಳತೆ ನಟ್ಟನಡುವಿನಿಂದ ಶುರು, ಆಕ್ಸಿಸ್‌ಟೈಪ್ (axistype) 1 ಅಂದರೆ ನಡು ಅಕ್ಷಕ್ಕೆ ಲೇಬಲ್, ಸೆಗ್ (seg) 5 ಅಂದರೆ ಪ್ರತಿ ಅಕ್ಷಕ್ಕೆ ಐದು ಭಾಗ. ಸೆಗ್ 5 ಇದ್ದರೆ ಲೇಬಲ್ 6 ಬೇಕು: 0, 2, 4, 6, 8, 10.