ಕೋಲಾರದ ಚಿನ್ನದ ಕಲ್ಲನ್ನು ಅಂಚಿನಿಂದ ಓದಿ

ಪುಣೆಯ ನಮ್ಮ ಕನ್ನಡದ ಮಕ್ಕಳು ಗುಡ್ಡ ಹತ್ತಿ ಬಂದಾಗಲೆಲ್ಲ ಜೇಬಿನ ತುಂಬ ಕಲ್ಲು ತರುತ್ತಾರೆ. "ಆಂಟಿ, ಇದರಲ್ಲಿ ಚಿನ್ನ ಇದೆಯಾ?" ಅಂತ ಕೇಳುತ್ತಾರೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಅದು. ಅದಕ್ಕೆ ಉತ್ತರ ಹುಡುಕುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಊರಿನ ಕಲ್ಲನ್ನು ತಿಳಿದುಕೊಳ್ಳಿ. ಪುಣೆಯ ಕಾಲಡಿಯಲ್ಲಿರುವುದು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದರಲ್ಲಿ ಗಾಳಿಗುಳ್ಳೆಗಳು ಉಳಿದು ಹೋದವು. ಆಮೇಲೆ ಆ ಪೊಳ್ಳುಗಳಲ್ಲಿ ನೀರು ಇಳಿದು ಹರಳು ಕಟ್ಟಿತು. ಪುಣೆಯ ಪಾಷಾಣ್ ಗುಡ್ಡದ ಹಸಿರು ಅಪೋಫಿಲೈಟ್, ವಾಘೋಲಿಯ ನೀಲಿ ಕ್ಯಾವನ್ಸೈಟ್ ಎಲ್ಲ ಹೀಗೆ ಆದದ್ದು. ಬೆಣಚಿನ (ಕ್ವಾರ್ಟ್ಸ್) ಹರಳೂ ಅಲ್ಲಿ ಸಿಗುತ್ತದೆ. ನೋಡಲು ಬಲು ಚೆಂದ, ಆದರೆ ಚಿನ್ನಕ್ಕೆ ಅದು ಜಾಗವಲ್ಲ.

ಈಗ ನನ್ನ ಮೇಜಿನ ಮೇಲಿರುವ ಕಲ್ಲಿಗೆ ಬರೋಣ. ನನ್ನ ಸೋದರಮಾವ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಅದಿರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಇದು ಅವರು ಕೊಟ್ಟದ್ದು, ಮುಷ್ಟಿಯಷ್ಟಿದೆ. ಒಂದು ಕಡೆ ಕಪ್ಪು-ಹಸಿರು ಕಲ್ಲು, ಇನ್ನೊಂದು ಕಡೆ ಬೂದು ಬಣ್ಣದ ಬೆಣಚು. ಎರಡೂ ಸೇರುವ ಗೆರೆಯೇ ಮುಖ್ಯ.

ಇಂಥ ಕಲ್ಲು ಸಿಕ್ಕರೆ ಸುತ್ತಿಗೆಯಿಂದ ಒಡೆಯಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆಯಿರಿ, ಒದ್ದೆ ಇರುವಾಗಲೇ ನೆರಳಿನಲ್ಲಿ ಹಿಡಿದು ನೋಡಿ. ಕಪ್ಪು ಭಾಗ ಆಂಫಿಬೊಲೈಟ್. ಇದೂ ಲಾವಾದಿಂದಲೇ ಹುಟ್ಟಿದ್ದು, ಆದರೆ ಸುಮಾರು 270 ಕೋಟಿ ವರ್ಷ ಹಳೆಯದು. ಭೂಮಿಯೊಳಗಿನ ಬಿಸಿಗೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಾಗಿದೆ. ಬೆಣಚಿನಲ್ಲಿ ಅಂಚಿಗೆ ಸಮನಾಗಿ ಓಡುವ ಸಣ್ಣ ಕಪ್ಪು ಎಳೆಗಳು ಕಾಣುತ್ತವೆ. ಬಂಡೆ ಒಂದೇ ಸಲ ಬಿರಿದು ಸುಮ್ಮನಾಗಲಿಲ್ಲ. ಬಿರಿಯಿತು, ಕೆಳಗಿನಿಂದ ಬಿಸಿ ದ್ರವ ನುಗ್ಗಿತು, ಬೆಣಚು ಕಟ್ಟಿ ಬಿರುಕು ಮುಚ್ಚಿತು, ಮತ್ತೆ ಬಿರಿಯಿತು. ಹೀಗೆ ಎಷ್ಟೋ ಸಲ. ಆ ಎಳೆಗಳು ಅದರ ಗುರುತು.

ಆ ದ್ರವದಲ್ಲಿ ಚಿನ್ನ ಗಂಧಕದ ಜೊತೆ ಕರಗಿ ಬರುತ್ತಿತ್ತು. ಪಕ್ಕದ ಕಪ್ಪು ಕಲ್ಲಿನಲ್ಲಿ ಕಬ್ಬಿಣ ಜಾಸ್ತಿ. ಕಬ್ಬಿಣ ಗಂಧಕವನ್ನು ಎಳೆದುಕೊಂಡರೆ ಚಿನ್ನಕ್ಕೆ ಕರಗಿರಲು ಆಗುವುದಿಲ್ಲ, ಅಲ್ಲೇ ಕೂರುತ್ತದೆ. ಒತ್ತಡ ತಟ್ಟನೆ ಇಳಿದಾಗಲೂ ಹಾಗೆಯೇ. ಅದಕ್ಕೇ ಬೆಣಚಿನ ಬೆಳ್ಳಗಿನ ನಡುಭಾಗಕ್ಕಿಂತ ಮೊದಲು ಅಂಚನ್ನೂ ಎಳೆಗಳನ್ನೂ ನೋಡಿ ಅಂತ ನಾನು ಹೇಳುವುದು.

ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಹಳದಿ ಚುಕ್ಕೆ ಕಂಡರೆ ಕಲ್ಲನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಮಂಕಾದರೆ ಅದು ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಹಳದಿ ಖನಿಜ) ಇಲ್ಲವೇ ಕಾಗೆಬಂಗಾರ (ಅಭ್ರಕ) ಇರಬಹುದು. ಚಿನ್ನ ನೆರಳಿನಲ್ಲೂ ಅದೇ ಹಳದಿ. ಸೂಜಿಯ ಮೊನೆ ಒತ್ತಿ ನೋಡಿ. ಚಿನ್ನ ತಗ್ಗು ಬೀಳುತ್ತದೆ, ಪೈರೈಟ್ ಜಗ್ಗುವುದಿಲ್ಲ, ಇಲ್ಲವೇ ಪುಡಿಯಾಗುತ್ತದೆ, ಕಾಗೆಬಂಗಾರ ಪದರವಾಗಿ ಏಳುತ್ತದೆ. ಟೈಲ್ಸ್‌ನ ಹಿಂಬದಿಯ ಒರಟು ಜಾಗಕ್ಕೆ ಉಜ್ಜಿದರೆ ಪೈರೈಟ್ ಹಸಿರುಗಪ್ಪು ಗೀಟು ಎಳೆಯುತ್ತದೆ, ಚಿನ್ನದ ಗೀಟು ಹಳದಿ.

ತೂಕದ ಪರೀಕ್ಷೆ ಮಕ್ಕಳಿಗೆ ಪ್ರಾಣ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕಲ್ಲನ್ನು ಒಣಗಿಸಿ ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತೋರುವ ಗ್ರಾಂ ಎಷ್ಟೋ, ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ಬರೀ ಬೆಣಚಾದರೆ 100 ಘನ ಸೆಂಟಿಮೀಟರಿಗೆ 265 ಗ್ರಾಂ. ಅದೇ ಗಾತ್ರಕ್ಕೆ 275 ಬಂದು, ಆ ಹೆಚ್ಚಿನ ತೂಕವೆಲ್ಲ ಚಿನ್ನದ್ದೇ ಆಗಿದ್ದರೆ, ಒಳಗೆ ಸುಮಾರು 11.6 ಗ್ರಾಂ ಚಿನ್ನ. ಕಪ್ಪು ಕಲ್ಲು ಅಂಟಿಕೊಂಡಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅದು ಬೆಣಚಿಗಿಂತ ಭಾರ, ಪೈರೈಟ್ ಇನ್ನೂ ಭಾರ.

ಚಿನ್ನ ಕಣ್ಣಿಗೆ ಬೀಳಲಿಲ್ಲ ಅಂತ ಬೇಸರ ಬೇಡ. ಕೋಲಾರದ ಗಣಿಗಳಿಂದ ಒಟ್ಟು ಸುಮಾರು 800 ಟನ್ ಚಿನ್ನ ಬಂತು, ಅದಕ್ಕೆ ಅಗೆದ ಅದಿರು 5 ಕೋಟಿ ಟನ್‌ಗೂ ಜಾಸ್ತಿ. ಅಂದರೆ ಸರಾಸರಿ ಒಂದು ಕಿಲೋ ಅದಿರಿನ ಚಿನ್ನವನ್ನೆಲ್ಲ ಒಟ್ಟು ಮಾಡಿದರೆ ಒಂದು ರಾಗಿಕಾಳಿನಷ್ಟು. ಅದೂ ಧೂಳಿನಂತೆ ಚದುರಿರುತ್ತದೆ. ರೀಫ್, ಅಂದರೆ ಚಿನ್ನವಿರುವ ಬೆಣಚಿನ ಪಟ್ಟೆ, ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಸಮೃದ್ಧಿ, ಸ್ವಲ್ಪ ಆಚೆ ಬರೀ ಬೆಣಚು. ಹಾಗಾಗಿ ಗಣಿಯವರು ಕೈತುಂಬ ಮಾದರಿ ತೆಗೆದು, ಪುಡಿ ಮಾಡಿ, ಸೀಸದ ಜೊತೆ ಕುಲುಮೆಯಲ್ಲಿ ಕರಗಿಸಿ, ಉಳಿದ ಮಣಿಯನ್ನು ತೂಗುತ್ತಿದ್ದರು. ಮಾವನ ಕೆಲಸ ಅದೇ.

ಆ ಬೆಣಚಿನ ಪಟ್ಟೆಯನ್ನೇ ಹಿಡಿದು ಜನ 3 ಕಿಲೋಮೀಟರಿಗೂ ಆಳಕ್ಕೆ ಇಳಿದರು. ಅಲ್ಲಿ ಬಂಡೆಯೇ ಮುಟ್ಟಲಾಗದಷ್ಟು ಬಿಸಿ. ಒತ್ತಡ ತಾಳದೆ ಬಂಡೆ ಸಿಡಿದು ಎಷ್ಟೋ ಮಂದಿ ಸತ್ತರು. ಕಲ್ಲನ್ನು ಕೈಗೆತ್ತಿಕೊಂಡಾಗ ಅವರನ್ನೂ ನೆನೆಯಬೇಕು. ಮುಂಬೈಯವರಿಗೆ ಒಂದು ಮಾತು: ನಿಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅಂದರೆ ಟಿಐಎಫ್‌ಆರ್‌ನ ವಿಜ್ಞಾನಿಗಳು ಇದೇ ಗಣಿಯ ಆಳದಲ್ಲಿ ಉಪಕರಣ ಇಟ್ಟು 1965ರಲ್ಲಿ ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಗುರುತು ಹಿಡಿದರು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು.

ಕೆಜಿಎಫ್‌ಗೆ ಹೋದರೆ ಸೈನೈಡ್ ದಿಬ್ಬಗಳ ಮಣ್ಣನ್ನು ಚೀಲಕ್ಕೆ ತುಂಬಿಕೊಳ್ಳಬೇಡಿ. ಅದು ಚಿನ್ನ ತೆಗೆದ ಮೇಲೆ ಉಳಿದ ಪುಡಿ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಗಣಿಗೆ ನೇರ ಇಳಿಯುವ ಹಳೆಯ ಶಾಫ್ಟ್‌ಗಳ ಹತ್ತಿರ ಸುಳಿಯಬೇಡಿ. ಮನೆಯಲ್ಲಿ ಪಾದರಸ ಹಾಕಿ ಚಿನ್ನ ತೆಗೆಯುವ ಪ್ರಯೋಗವಂತೂ ಬೇಡವೇ ಬೇಡ, ಅದರ ಹಬೆ ವಿಷ.

ಕೊನೆಗೆ ಕಲ್ಲಿಗೊಂದು ಚೀಟಿ ಅಂಟಿಸಿ. ಯಾವ ಗಣಿ, ಯಾವ ಲೆವೆಲ್ (ಗಣಿಯ ಎಷ್ಟನೇ ಆಳದ ಹಂತ), ಯಾರು ಕೊಟ್ಟರು, ಯಾವಾಗ. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ, ಜಾಗ ಖಾಲಿ ಬಿಡಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಪುಣೆಯ ಮಳೆಗಾಲದ ತೇವಕ್ಕೆ ಶಾಯಿ ಹರಡಿಹೋಗುತ್ತದೆ.